ನಾಟಕದ ಯಜಮಾನನ ಬೆಳ್ಳಿ ಬಟ್ಟಲು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನ ರಂಗಭೂಮಿಯನ್ನು ಕುರಿತು ಈ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಪತ್ರ ಬರೆದಾಗ ನಾನು ಸಂತೋಷದಿಂದ ಒಪ್ಪಿಕೊಂಡೆ. ಆದರೆ ಏನನ್ನು ಹೇಳಬೇಕೆಂಬುದು ಬಹಳ ದಿನ ತೋಚಲಿಲ್ಲ. ರಂಗಭೂಮಿಯ ಇತಿಹಾಸವೆಂಬುದು ಕಡಲಿನಂತಹುದು. ನಾನು ಶಾಲೆಯ ಮಕ್ಕಳಿಗೆ ಹಳಗನ್ನಡದ ಪದ್ಯಗಳಿಗೆ ಅರ್ಥ ಹೇಳಿಕೊಡುವ ಒಬ್ಬ ಉಪಾಧ್ಯಾಯ. ಹೀಗಿರಲು, ನಿಮ್ಮ ಈ ತೊಂಡಾಮುತ್ತೂರಿನ ಆಸುಪಾಸಿನಲ್ಲಿಯೇ ನನ್ನ ಕಣ್ಣಿಗೆ ಬಿದ್ದ ಒಂದು ಸಣ್ಣ ವಸ್ತು ನನಗೆ ವಿಷಯವನ್ನು ಒದಗಿಸಿತು. ಪಡುವಣ ದಿಕ್ಕಿನಲ್ಲಿ ಕಾಣುವ ವೆಳ್ಳಿಯಂಗಿರಿಯನ್ನು ನಮ್ಮ ಮಾತಿನಲ್ಲಿ ಹೇಳಿದರೆ ಬೆಳ್ಳಿಯ ಬೆಟ್ಟವೇ ಅಲ್ಲವೇ? ಆ ಬೆಳ್ಳಿಯ ಬೆಟ್ಟದ ನೆರಳಿನಲ್ಲಿ ಕುಳಿತು, ಒಂದು ಬೆಳ್ಳಿಯ ಬಟ್ಟಲಿನ ಸಂಗತಿಯನ್ನು ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಕಳೆದ ವರ್ಷ ಬೇಸಗೆಯ ರಜೆಯಲ್ಲಿ ನಮ್ಮ ತಾಯಿಯ ಕಡೆಯ ನಂಟರ ಮನೆಗೆ ಬಂದಿದ್ದೆ. ಸುತ್ತಲೂ ಅಡಕೆ, ತೆಂಗು, ಬಾಳೆಯ ತೋಟ. ಮನೆಯ ಒಳಗೆ ಕನ್ನಡ, ಜಗಲಿಯಿಂದ ಆಚೆಗೆ ತಮಿಳು. ದೇವರ ಕೋಣೆಯಲ್ಲಿ ಎರಡು ಕಿವಿಗಳುಳ್ಳ, ಎತ್ತರದ ಕಾಲಿನ ಒಂದು ಬಟ್ಟಲಿನ ತುಂಬ ವಿಭೂತಿ ತುಂಬಿಟ್ಟಿದ್ದರು. ದೇವರ ಪಾತ್ರೆಗೆ ಅಂತಹ ಕಿವಿಗಳಿರುವುದಿಲ್ಲ. ನಾನು ಕುತೂಹಲದಿಂದ ಅದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದೆ. ಅದರ ಹೊಟ್ಟೆಯ ಮೇಲೆ ಕನ್ನಡ ಅಕ್ಷರಗಳು! ಹಲವು ವರ್ಷ ಹುಣಿಸೆಹಣ್ಣು, ಬೂದಿಗಳಿಂದ ಉಜ್ಜಿಸಿಕೊಂಡು ಸವೆದಿದ್ದರೂ ಮೇಲಿನ ಸಾಲಿನಲ್ಲಿ ‘ಕುರುಕ್ಷೇತ್ರ ನಾಟಕ’ ಎಂಬ ಮಾತೂ, ಕೆಳಗಿನ ಸಾಲಿನಲ್ಲಿ ‘ಊರ ಮಹಾಜನರು’ ಎಂಬ ಮಾತೂ ಓದುವಂತಿದ್ದವು. ನಡುವಿನ ಸಾಲಿನಲ್ಲಿ ‘ಯಜಮಾನರಾದ’ ಎಂಬುದರ ಮುಂದೆ ಏನೂ ಉಳಿದಿರಲಿಲ್ಲ. ಬಟ್ಟಲನ್ನು ತೊಳೆಯುವಾಗ ಅಂಗೈ ಒತ್ತುವ ಜಾಗ ಅದೇ. ಕೊಟ್ಟವರು ಉಳಿದಿದ್ದರು, ಪಡೆದವನು ಅಳಿಸಿಹೋಗಿದ್ದ.

ಆ ಮನೆಯ ಹುಡುಗ, ಹತ್ತು ಹನ್ನೊಂದು ವರ್ಷದವನು, ನನ್ನ ಪಕ್ಕದಲ್ಲಿ ನಿಂತು, “ಮಾವಾ, ಇದು ಬರೀ ಚಿತ್ತಾರ ಅಂದುಕೊಂಡಿದ್ದೆ, ಅಕ್ಷರವಾ?” ಎಂದು ಕೇಳಿದನು. ಅವನು ಆಡುವುದು ಚೊಕ್ಕ ಕನ್ನಡ. ಓದುವುದು ಬೇರೆ ಲಿಪಿಗಳನ್ನು. ಅವನ ಅಜ್ಜಿ ಒಳಗಿನಿಂದಲೇ ಹೇಳಿದರು: “ಅದನ್ನ ಕರಗಿಸೋಣ ಅಂತಿದ್ದಾರೆ, ಮೇಷ್ಟ್ರೇ. ಮೊಮ್ಮಗಳ ಮದುವೆಗೆ ಕಾಲ್ಗೆಜ್ಜೆ ಆಗ್ತದೆ. ಅಂಗಡಿಯವನು ತೂಕಕ್ಕಷ್ಟೇ ಬೆಲೆ, ಅಕ್ಷರಕ್ಕೆ ಬೆಲೆ ಇಲ್ಲ ಅಂದ.”

ಮಹನೀಯರೇ, ಅಕ್ಷರಕ್ಕೆ ಬೆಲೆಯಿಲ್ಲ ಎಂಬ ಆ ಮಾತು ನನ್ನ ಎದೆಗೆ ನಾಟಿತು. ನಾಟಿದ್ದಕ್ಕೆ ಕಾರಣವೂ ಉಂಟು. ಇದೇ ತಪ್ಪನ್ನು ಒಂದು ಕಾಲದಲ್ಲಿ ನಾನೇ ಮಾಡಿದವನು.

ನಮ್ಮ ತಾತನವರು ತಾಳವಾಡಿಯ ಕಡೆಯ ಒಂದು ಹಳ್ಳಿಯಲ್ಲಿ ನಾಟಕದ ಯಜಮಾನಿಕೆ ವಹಿಸುತ್ತಿದ್ದವರು. ಅವರು ವೇಷ ಕಟ್ಟಿದವರಲ್ಲ, ಹಾಡಿದವರಲ್ಲ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆತಂದು ಮೂರು ತಿಂಗಳು ಊಟ ಹಾಕುವುದು, ಪರದೆ ಪೋಷಾಕುಗಳನ್ನು ಬಾಡಿಗೆಗೆ ತರಿಸುವುದು, ಪೆಟ್ರೊಮ್ಯಾಕ್ಸ್ ದೀಪಗಳನ್ನು ಹೊಂದಿಸುವುದು, ದುರ್ಯೋಧನನ ಪಾತ್ರ ತನಗೇ ಬೇಕೆಂದು ಮುನಿಸಿಕೊಂಡವರನ್ನು ಸಮಾಧಾನಪಡಿಸುವುದು, ಸಾಲ ತೀರಿಸುವುದು — ಇಷ್ಟೂ ಅವರ ಪಾಲು. ಒಂದು ವರ್ಷ ಊರವರು ಕೂಡಿ ಅವರಿಗೊಂದು ಪದಕವನ್ನು ತೊಡಿಸಿದ್ದರಂತೆ. ಅದು ನಮ್ಮ ಮನೆಯ ಪೆಟ್ಟಿಗೆಯಲ್ಲಿತ್ತು. ನಾನು ವಿದ್ವತ್ ಪರೀಕ್ಷೆಗೆ ಶುಲ್ಕ ಕಟ್ಟಬೇಕಾಗಿದ್ದ ವರ್ಷ ಮನೆಯಲ್ಲಿ ಹಣವಿರಲಿಲ್ಲ. ಯಾರಿಗೂ ಹೇಳದೆ ಆ ಪದಕವನ್ನು ಪಟ್ಟಣದ ಒಂದು ಅಂಗಡಿಗೆ ಒಯ್ದೆ. ಆತ ಒರೆಗೆ ಹಚ್ಚಿ ನೋಡಿ, “ಇದು ಜರ್ಮನ್ ಸಿಲ್ವರ್, ಸ್ವಾಮಿ” ಎಂದು ಹೇಳಿ, ಪುಡಿಗಾಸು ಕೈಗಿಟ್ಟನು. ಶುಲ್ಕಕ್ಕೆ ಅದು ಸಾಲಲಿಲ್ಲ. ಉಳಿದದ್ದನ್ನು ಕಡ ತಂದೆ. ಅದರ ಮೇಲೆ ಏನು ಬರೆದಿತ್ತೆಂಬುದನ್ನು ಒಂದು ಚೀಟಿಯಲ್ಲಿ ಗುರುತುಹಾಕಿಕೊಳ್ಳುವಷ್ಟು ಬುದ್ಧಿ, ಹಳಗನ್ನಡ ವ್ಯಾಕರಣವನ್ನು ಕಂಠಪಾಠ ಮಾಡಿದ್ದ ಈ ಪಂಡಿತನಿಗೆ ಇರಲಿಲ್ಲ. ಯಾವ ವರ್ಷ, ಯಾವ ನಾಟಕ, ಎಂಬುದನ್ನು ಹೇಳಬಲ್ಲವರು ಈಗ ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ. ಈ ಮಾತನ್ನು ನಾನು ತಮ್ಮೆದುರಿಗೆ ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ನಾಟಕವನ್ನು ನೋಡಿದವರ ನೆನಪಿನಲ್ಲಿ ಉಳಿಯುವವನು ನಟ. ರಾಜಾಪಾರ್ಟಿನವನ ಕಂಠ, ಹಾಸ್ಯಗಾರನ ಚೇಷ್ಟೆ, ಸ್ತ್ರೀಪಾತ್ರದ ಬೆಡಗು, ಇವು ಬಾಯಿಂದ ಬಾಯಿಗೆ ಹರಿದು ಮೂರು ತಲೆಮಾರು ಬದುಕುತ್ತವೆ. ಹಿಂದಿನ ಸಾಲಿನಲ್ಲಿ ನಿಂತು ಟಿಕೆಟ್ಟಿನ ಹಣವನ್ನೂ ಅನ್ನದ ಲೆಕ್ಕವನ್ನೂ ಸರಿತೂಗಿಸುತ್ತಿದ್ದ ಯಜಮಾನನು ಯಾರ ನೆನಪಿನಲ್ಲಿ ಉಳಿಯುತ್ತಾನೆ? ಅವನ ಹೆಸರು ಉಳಿಯುವುದು ಎರಡೇ ಕಡೆ: ಹ್ಯಾಂಡ್‌ಬಿಲ್ಲಿನ ಮೇಲೆ, ಮತ್ತು ಜನರು ಮೆಚ್ಚಿ ಕೊಟ್ಟ ಬಟ್ಟಲು ಪದಕಗಳ ಮೇಲೆ. ಹ್ಯಾಂಡ್‌ಬಿಲ್ಲು ಮರುದಿನವೇ ಕಡಲೆಪುರಿಯ ಪೊಟ್ಟಣವಾಗುತ್ತದೆ. ಉಳಿಯುವುದು ಲೋಹವೊಂದೇ.

ನಮ್ಮ ಕೊಯಮತ್ತೂರಿನಲ್ಲಿಯೇ ನೋಡಿ: 1914ರಲ್ಲಿ ಸಾಮಿಕಣ್ಣು ವಿನ್ಸೆಂಟ್ ಎಂಬವರು ವೆರೈಟಿ ಹಾಲನ್ನು ಕಟ್ಟಿಸಿದರು. ಮೊದಲು ರೈಲ್ವೆಯಲ್ಲಿ ಗುಮಾಸ್ತರಾಗಿದ್ದು, ಊರೂರಿಗೆ ಚಲಚ್ಚಿತ್ರದ ಯಂತ್ರವನ್ನು ಹೊತ್ತು ತಿರುಗಿ, ಕಡೆಗೆ ಇಲ್ಲಿ ನೆಲೆನಿಂತವರು ಅವರು. ದಿನವೂ ಸಾವಿರಾರು ಜನ ವೆರೈಟಿ ಹಾಲ್ ರಸ್ತೆಯಲ್ಲಿ ಓಡಾಡುತ್ತಾರೆ. ರಸ್ತೆಗೆ ಹಾಲಿನ ಹೆಸರು ಉಳಿದಿದೆ. ಹಾಲನ್ನು ಕಟ್ಟಿಸಿದವರ ಹೆಸರನ್ನು ಬಲ್ಲವರು ಅವರಲ್ಲಿ ಎಷ್ಟು ಮಂದಿ? ಪ್ರದರ್ಶನವನ್ನು ಸಾಧ್ಯಗೊಳಿಸಿದವರ ಪಾಡು ಎಲ್ಲೆಡೆಯೂ ಹೀಗೆಯೇ.

ಕನ್ನಡ ರಂಗಭೂಮಿಯಲ್ಲಿ ಈ ಮಾತಿಗೆ ಒಂದು ದೊಡ್ಡ ಅಪವಾದವುಂಟು. ಅವರೇ ನಾಟಕರತ್ನ ಗುಬ್ಬಿ ವೀರಣ್ಣನವರು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘಕ್ಕೆ ಎಳೆಯ ಹುಡುಗನಾಗಿ ಸೇರಿದ ವೀರಣ್ಣನವರು, ಮುಂದೆ ಅದಕ್ಕೇ ಒಡೆಯರಾಗಿ, ‘ಗುಬ್ಬಿ ಕಂಪನಿ’ ಎಂಬ ಎರಡು ಮಾತುಗಳನ್ನು ಮನೆಮಾತನ್ನಾಗಿ ಮಾಡಿದರು. ಅವರು ಸ್ವತಃ ದೊಡ್ಡ ಹಾಸ್ಯನಟರು; ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಅವರನ್ನು ಕಂಡವರು ಜೀವಮಾನವಿಡೀ ಅದನ್ನು ಹೇಳಿಕೊಂಡು ನಗುತ್ತಿದ್ದರು. ಆದರೆ ಯಜಮಾನರಾಗಿ ಅವರು ಮಾಡಿದ್ದು ಇನ್ನೂ ದೊಡ್ಡದು. 1930ರ ದಶಕದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದರು. ಕನ್ನಡದ ಎಲ್ಲೆಯನ್ನು ದಾಟಿ ಆಂಧ್ರ, ತಮಿಳುನಾಡುಗಳಲ್ಲಿ ಡೇರೆ ಹಾಕಿದರು. ಬಿ. ಜಯಮ್ಮನವರಂತಹ ಕಲಾವಿದೆಯರು ಆ ಕಂಪನಿಯಲ್ಲಿ ಬೆಳಗಿದರು. ತಮ್ಮ ಆತ್ಮಕಥೆಗೆ ವೀರಣ್ಣನವರು ‘ಕಲೆಯೇ ಕಾಯಕ’ ಎಂದು ಹೆಸರಿಟ್ಟದ್ದು ಅವರಿಗೆ ಒಪ್ಪುವ ಮಾತೇ ಸರಿ.

ಗಡಿಯವರಾದ ನಮಗೆ ಆ ಕಂಪನಿಯೊಡನೆ ಇರುವ ನಂಟು ಇನ್ನೂ ಹತ್ತಿರದ್ದು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜ ಎಂಬ ಹುಡುಗ, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನ ಹಿಂದೆ ಗುಬ್ಬಿ ಕಂಪನಿಯ ರಂಗವನ್ನೇರಿದನು. ಆಗ ಗಾಜನೂರು ನಮ್ಮ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ, ಗಾಜನೂರುಗಳು ಇತ್ತಲೇ ಉಳಿದವು. 1979ರಲ್ಲಿ ಈರೋಡು ಜಿಲ್ಲೆಯಾದಾಗ ಅದರ ಪಾಲಿಗೆ ಹೋದವು. ಆ ಮುತ್ತುರಾಜನೇ 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜಕುಮಾರ್ ಆಗಿ ನಾಡಿಗೆ ಕಾಣಿಸಿಕೊಂಡನು. ಚಿತ್ರವನ್ನು ನಿರ್ದೇಶಿಸಿದವರು ಎಚ್. ಎಲ್. ಎನ್. ಸಿಂಹ, ನಿರ್ಮಿಸಿದ್ದು ವೀರಣ್ಣನವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್. ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಆ ಚಿತ್ರಕ್ಕೆ ಅರ್ಹತಾ ಪತ್ರ ದೊರೆಯಿತು. ‘ಬೇಡರ ಕಣ್ಣಪ್ಪ’ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ರಾಜಕುಮಾರ್. ಅದು ನ್ಯಾಯವೇ. ಆದರೆ ಬಂಡವಾಳ ಹೂಡಿ, ಹೊಸ ಮುಖವನ್ನು ನಂಬಿ, ನಷ್ಟವಾದರೆ ತನ್ನ ತಲೆಯ ಮೇಲೆಂದು ನಿಂತವರ ಸಾಹಸಕ್ಕೆ ಸಾಕ್ಷಿಯಾಗಿ ಇರುವುದು ಅಂತಹ ಒಂದು ಪತ್ರ. ಯಜಮಾನನ ಪ್ರಶಸ್ತಿಯು ಅವನ ಪಾಲಿನ ವೇಷವಿದ್ದಂತೆ; ಅದನ್ನು ಧರಿಸಿದಾಗಲೇ ಜನ ಅವನನ್ನು ನೋಡುವುದು.

ವೀರಣ್ಣನವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. 1972ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ಅವರು ಕಾಲವಾದರು. ಇಂತಹ ಗೌರವಗಳಲ್ಲಿ ಕೈಗೆ ಬರುವ ವಸ್ತುವನ್ನು ಸ್ವಲ್ಪ ಗಮನಿಸಿ. ಅಕಾಡೆಮಿಯು ಕೊಡುವುದು ತಾಮ್ರಪತ್ರ, ಅಂಗವಸ್ತ್ರ. ಪದ್ಮಶ್ರೀ ಪದಕವು ಕಂಚಿನದು. ನಡುವೆ ತಾವರೆ, ಅದರ ಮೇಲೆ ‘ಪದ್ಮ’, ಕೆಳಗೆ ‘ಶ್ರೀ’ ಎಂದು ದೇವನಾಗರಿ ಅಕ್ಷರಗಳು. ತಾಮ್ರ, ಕಂಚು! ನಮ್ಮ ಅಂಗಡಿಯವನ ತಕ್ಕಡಿಯಲ್ಲಿಟ್ಟರೆ ಅವುಗಳ ಬೆಲೆ ಎಷ್ಟಾದೀತು? ಒಂದು ದೇಶವೇ ತನ್ನ ಗೌರವವನ್ನು ಅಗ್ಗದ ಲೋಹದ ಮೇಲೆ ಬರೆದು ಕೊಡುತ್ತದೆ. ಬೆಲೆಯಿರುವುದು ಬರಹಕ್ಕೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಹೊರನಾಡುಗಳಲ್ಲಿ ಈ ವಸ್ತುಗಳಿಗೆ ಬೇರೊಂದು ಬಗೆಯ ಬೆಲೆಯೂ ಬಂದಿದೆ. ಹೆಸರಾಂತ ಕಲಾವಿದರು, ನಿರ್ಮಾಪಕರು ಪಡೆದ ಪ್ರಶಸ್ತಿಗಳನ್ನು ಹರಾಜಿನಲ್ಲಿ ಕೊಂಡು ಸಂಗ್ರಹಿಸುವವರಿದ್ದಾರೆ. ಅಮೆರಿಕದ ಡೇವಿಡ್ ಸೆಲ್ಜ್‌ನಿಕ್ ಎಂಬ ನಿರ್ಮಾಪಕರ 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರಕ್ಕೆ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪ್ರಶಸ್ತಿ ದೊರೆತಿತ್ತು. ಆ ಪುಟ್ಟ ಪ್ರತಿಮೆಯನ್ನು 1999ರ ಹರಾಜಿನಲ್ಲಿ ಗಾಯಕ ಮೈಕೆಲ್ ಜಾಕ್ಸನ್ 15 ಲಕ್ಷ 40 ಸಾವಿರ ಡಾಲರುಗಳಿಗೆ ಕೊಂಡರು. ಜಾಕ್ಸನ್ 2009ರಲ್ಲಿ ತೀರಿಕೊಂಡ ಮೇಲೆ ಆ ಪ್ರತಿಮೆ ಎಲ್ಲಿದೆಯೆಂಬುದು ಅವರ ಆಸ್ತಿಯನ್ನು ನೋಡಿಕೊಳ್ಳುವವರಿಗೇ ತಿಳಿದಿಲ್ಲವೆಂದು 2016ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಪ್ರಶಸ್ತಿಯು ಸರಕಾಗಬಾರದೆಂದು, ಪಡೆದವರು ಅದನ್ನು ಮಾರುವ ಮೊದಲು ಅತ್ಯಲ್ಪ ಬೆಲೆಗೆ ತನಗೇ ಕೊಡಬೇಕೆಂಬ ನಿಬಂಧನೆಯನ್ನು ಆಸ್ಕರ್ ಕೊಡುವ ಅಕಾಡೆಮಿಯು ಸುಮಾರು 1950ರಿಂದಲೇ ವಿಧಿಸಿದೆ. ಸೆಲ್ಜ್‌ನಿಕ್ಕರದು ಅದಕ್ಕೆ ಹಿಂದಿನ ಕಾಲದ್ದಾದುದರಿಂದ ಮಾರುಕಟ್ಟೆಗೆ ಬಂದಿತು.

ನಮ್ಮ ದೇಶದ ಒಂದು ಸಂಗತಿಯನ್ನೂ ನೆನೆಯೋಣ. ರವೀಂದ್ರನಾಥ ಠಾಕೂರರಿಗೆ 1913ರಲ್ಲಿ ಬಂದ ನೊಬೆಲ್ ಬಹುಮಾನದ ಪದಕವು ಶಾಂತಿನಿಕೇತನದ ವಸ್ತುಸಂಗ್ರಹಾಲಯದಿಂದ 2004ರ ಮಾರ್ಚ್ ತಿಂಗಳಲ್ಲಿ ಕಳವಾಯಿತು. ದೇಶವೆಲ್ಲ ಮರುಗಿತು. ಮೂಲ ಪದಕ ಇಂದಿಗೂ ದೊರೆತಿಲ್ಲ. ಆದರೆ ಮರುವರ್ಷವೇ ನೊಬೆಲ್ ಪ್ರತಿಷ್ಠಾನದವರು ಅದರ ಪ್ರತಿಕೃತಿಗಳನ್ನು ಮಾಡಿಸಿ ಕಳುಹಿಸಿದರು. ಹೇಗೆ ಸಾಧ್ಯವಾಯಿತು? ಅದರ ರೂಪ, ಅಳತೆ, ಬರಹ, ಎಲ್ಲವೂ ದಾಖಲೆಯಾಗಿತ್ತು. ಚಿನ್ನ ಹೋಯಿತು, ಸಂಗತಿ ಹೋಗಲಿಲ್ಲ. ನಮ್ಮ ತಾತನ ಪದಕಕ್ಕೆ ಈ ಲೋಕದಲ್ಲಿ ಯಾರೂ ಪ್ರತಿಕೃತಿ ಮಾಡಿಕೊಡಲಾರರು. ಈ ಹೊತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಬರೆದಿಟ್ಟದ್ದು ಕಳೆದುಹೋದರೂ ಉಳಿಯುತ್ತದೆ, ಬರೆದಿಡದ್ದು ಮನೆಯಲ್ಲಿದ್ದರೂ ಕಳೆದುಹೋದಂತೆಯೇ.

ಇನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕಾದ ಭಾಗ. ತರಗತಿಯಲ್ಲಿ ನಾವು ಶಾಸನಗಳ ವಿಷಯವನ್ನು ಓದುತ್ತೇವೆ. ಒಂದು ದಾನಶಾಸನದಲ್ಲಿ ಏನೇನಿರುತ್ತದೆ? ಕಾಲ, ಕೊಟ್ಟವನು, ಪಡೆದವನು, ಕೊಟ್ಟ ವಸ್ತು, ಕೊಟ್ಟ ಕಾರಣ. ಈಗ ಆ ಬಟ್ಟಲನ್ನು ನೆನೆಯಿರಿ. ಅದರಲ್ಲಿಯೂ ಇವೇ ಅಂಗಗಳು! ಬಹುಮಾನದ ಬಟ್ಟಲೆಂದರೆ ಅಂಗೈಯಗಲದ ಒಂದು ಶಾಸನ. ಹಲ್ಮಿಡಿಯ ಕಲ್ಲು ಸುಮಾರು ಹದಿನೈದು ಶತಮಾನಗಳ ಕಾಲ ಕನ್ನಡದ ಹಿರಿಮೆಯನ್ನು ಮೈಮೇಲೆ ಹೊತ್ತುಕೊಂಡಿದ್ದರೂ, 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಗುರುತಿಸುವವರೆಗೆ ಅದು ಊರಿನ ಒಂದು ಕಲ್ಲಾಗಿಯೇ ಇತ್ತು. ಕಲ್ಲನ್ನು ಯಾರೂ ಕರಗಿಸಲಾರರು; ಅದು ಅದರ ಪುಣ್ಯ. ಬೆಳ್ಳಿಗೆ ಆ ಪುಣ್ಯವಿಲ್ಲ.

ಇದನ್ನು ಓದುವ ಬಗೆಯನ್ನೂ ಹೇಳುತ್ತೇನೆ. ಅಕ್ಷರ ಸವೆದಿದ್ದರೆ ನೇರವಾದ ಬೆಳಕಿನಲ್ಲಿ ಕಾಣುವುದಿಲ್ಲ. ಕತ್ತಲೆಯ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಿ. ಸವೆದ ಗೆರೆಗಳೂ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ತೆಳ್ಳನೆಯ ಕಾಗದವನ್ನು ಮೇಲಿಟ್ಟು ಮೆತುವಾದ ಪೆನ್ಸಿಲಿನಿಂದ ಹಗುರವಾಗಿ ತಿಕ್ಕಿದರೆ ಅಕ್ಷರಗಳು ಕಾಗದದ ಮೇಲೆ ಮೂಡುತ್ತವೆ. ಶಾಸನಗಳ ಪಡಿಯಚ್ಚು ತೆಗೆಯುವವರ ವಿದ್ಯೆಯೂ ಇದೇ ಜಾತಿಯದು.

ತಾಯಂದಿರಲ್ಲಿ ಒಂದು ವಿನಂತಿ. ಇಂತಹ ಬಟ್ಟಲನ್ನು ಹುಣಿಸೆಹಣ್ಣು, ಬೂದಿ, ಹಲ್ಲುಪುಡಿಗಳಿಂದ ಉಜ್ಜಬೇಡಿ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ, ಅದು ಕೊಳೆಯಲ್ಲ. ಒಮ್ಮೆ ಉಜ್ಜಿದರೆ ಆ ಕಪ್ಪಿನೊಡನೆ ಬೆಳ್ಳಿಯ ಒಂದು ತೆಳುಪದರವೂ ಹೋಗುತ್ತದೆ. ಅಕ್ಷರದ ಗೆರೆಯೊಳಗೆ ನಿಂತ ಕಪ್ಪು, ಓದುವವನಿಗೆ ಮಸಿಯಿದ್ದಂತೆ. ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ, ಹತ್ತಿಬಟ್ಟೆಯಲ್ಲಿಯೇ ಸುತ್ತಿಡಿ. ರಬ್ಬರಿನ ಬಳೆ ಹಾಕಬೇಡಿ, ರಬ್ಬರಿನಲ್ಲಿಯೂ ಗಂಧಕವುಂಟು.

ಲೋಹ ಯಾವುದೆಂಬುದನ್ನು ತಿಳಿಯುವುದೂ ಒಳ್ಳೆಯದು. ನಾನು ಮೋಸಹೋದಂತೆ ಯಾರೂ ಹೋಗಬಾರದು. ‘ಜರ್ಮನ್ ಸಿಲ್ವರ್’ ಎಂಬುದರಲ್ಲಿ ಬೆಳ್ಳಿಯೇ ಇಲ್ಲ. ತಾಮ್ರ, ಸತು, ನಿಕಲ್‌ಗಳ ಬೆರಕೆ ಅದು. ಬಟ್ಟಲಿನ ತಳದಲ್ಲಿ ಇಂಗ್ಲಿಷಿನ ಇ, ಪಿ, ಎನ್, ಎಸ್ ಎಂಬ ನಾಲ್ಕು ಅಕ್ಷರಗಳಿದ್ದರೆ, ಅಂತಹ ಬೆರಕೆ ಲೋಹಕ್ಕೆ ಬೆಳ್ಳಿಯ ನೀರು ಕೊಟ್ಟದ್ದೆಂದು ಅರ್ಥ. 925 ಎಂಬ ಅಂಕೆಯಿದ್ದರೆ, ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಬಹುಮಾನದ ಬಟ್ಟಲುಗಳಲ್ಲಿ ಅನೇಕವು ಬರಿಯ ಲೇಪದವು. ಅವನ್ನು ಕರಗಿಸಿದರೆ ಹಣವೂ ಇಲ್ಲ, ಹೆಸರೂ ಇಲ್ಲ.

ಕಾನೂನಿನ ಒಂದು ಮಾತನ್ನೂ ಸೇರಿಸುತ್ತೇನೆ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ, ಚಾರಿತ್ರಿಕ ಮಹತ್ವವುಳ್ಳ ವಸ್ತುವಿಗೆ ನೂರು ವರ್ಷ ತುಂಬಿದರೆ ಅದು ಪುರಾತನ ವಸ್ತುವಾಗುತ್ತದೆ. ಕೈಬರಹದ ಗ್ರಂಥಗಳಿಗೆ 75 ವರ್ಷ ಸಾಕು. ಅವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಹಳೆಯ ಕಂಪನಿಗಳ ಬಟ್ಟಲುಗಳೂ, ಟ್ರಂಕಿನ ತಳದಲ್ಲಿ ಬಿದ್ದಿರುವ ನಾಟಕದ ಹಸ್ತಪ್ರತಿಗಳೂ ಒಂದೊಂದಾಗಿ ಆ ವಯಸ್ಸನ್ನು ತಲುಪುತ್ತಿವೆ. ಯಾರಾದರೂ ಮನೆಬಾಗಿಲಿಗೆ ಬಂದು ಹೆಚ್ಚಿನ ಬೆಲೆ ಹೇಳಿದರೆ, ಆತುರಪಡದೆ ನಾಲ್ಕು ಜನರನ್ನು ಕೇಳಿ ಮುಂದುವರಿಯುವುದು ಲೇಸು.

ಹಾಗಾದರೆ ಮಾರಲೇಬಾರದೇ ಎಂದು ತಾವು ಕೇಳಬಹುದು. ಅಂತಹ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಹಸಿದ ಮನೆಯಲ್ಲಿ ಬೆಳ್ಳಿಯು ಅನ್ನವಾಗಬೇಕಾಗುತ್ತದೆ. ಮಗಳ ಮದುವೆಯು ತಾತನ ಕೀರ್ತಿಗಿಂತ ಮುಂದಿನದು. ಸಂಗ್ರಾಹಕರನ್ನೂ ನಾನು ಹಳಿಯುವುದಿಲ್ಲ. ಮುಲಾಮಿನಿಂದ ಉಜ್ಜಿ ಹೊಳೆಯಿಸದೆ, ಬರಹವನ್ನು ಕಾಪಾಡಿ, ಕೇಳಿದವರಿಗೆ ತೋರಿಸುವ ಸಂಗ್ರಾಹಕನು ಕರಗಿಸುವ ಕುಲುಮೆಗಿಂತ ಸಾವಿರ ಪಾಲು ಮೇಲು. ಜಾನಪದದ ವಸ್ತುಗಳನ್ನು ಹಳ್ಳಿಹಳ್ಳಿ ತಿರುಗಿ ಕೂಡಿಸಿ ಎಚ್. ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆಯದಿದ್ದರೆ ಎಷ್ಟೊಂದು ವಸ್ತುಗಳು ಒಲೆಗೆ, ಗುಜರಿಗೆ ಹೋಗುತ್ತಿದ್ದವು! ನಾನು ಬೇಡುವುದು ಇಷ್ಟೇ: ವಸ್ತುವು ಮನೆ ಬಿಡುವ ಮುನ್ನ ಅದರ ಶಾಸನವನ್ನು ಮನೆಯಲ್ಲಿ ಉಳಿಸಿಕೊಳ್ಳಿ. ಬಟ್ಟಲಿನ ನಾಲ್ಕು ಬದಿಗಳ ಭಾವಚಿತ್ರ ತೆಗೆಯಿರಿ. ಈಗ ಪ್ರತಿ ಮನೆಯ ಮೊಬೈಲಿನಲ್ಲಿಯೂ ಅದು ಸಾಧ್ಯ. ಬರಹವನ್ನು, ಸವೆದ ಜಾಗಕ್ಕೆ ಚುಕ್ಕಿಯಿಟ್ಟು, ಇದ್ದಂತೆಯೇ ಎತ್ತಿ ಬರೆಯಿರಿ, ಊಹೆಯಿಂದ ತುಂಬಬೇಡಿ. ಎತ್ತರ, ತೂಕಗಳನ್ನು ಗುರುತುಹಾಕಿ. ಅದು ಯಾರಿಂದ ಯಾರಿಗೆ ಬಂದಿತೆಂಬುದನ್ನು ಮನೆಯ ಹಿರಿಯರ ಬಾಯಿಂದ ಕೇಳಿ, ಕೇಳಿದ ದಿನಾಂಕದೊಡನೆ ಬರೆದಿಡಿ. ಈ ಕಡೆಯದೇ ಎಲ್ಲಕ್ಕಿಂತ ತುರ್ತಿನದು. ಬಟ್ಟಲು ನಾಳೆಯೂ ಇದ್ದೀತು. ಅಜ್ಜಿ ನಾಳೆ ಇರುವರೆಂದು ಹೇಳುವವರಾರು?

ನಮಗೆ ಇದು ಏಕೆ ಇಷ್ಟು ಮುಖ್ಯವೆಂದರೆ, ನಾವು ಗಡಿಯವರು. ಗುಬ್ಬಿ ಕಂಪನಿಯ ಚರಿತ್ರೆಯನ್ನು ಬರೆಯಲು ಪುಸ್ತಕಗಳಿವೆ, ವಿಶ್ವವಿದ್ಯಾನಿಲಯಗಳಿವೆ. ಆ ಮಹನೀಯರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ಪ್ರಶಸ್ತಿಯನ್ನೇ ಕೊಡುತ್ತಿದೆ. ಈ ಬಯಲಿನಲ್ಲಿ, ಆ ಬೆಟ್ಟದ ಆಚೆಯಲ್ಲಿ, ಹೊಲಗೆಲಸ ಮಗ್ಗದ ಕೆಲಸಗಳನ್ನು ಮುಗಿಸಿಕೊಂಡು ರಾತ್ರಿ ಕನ್ನಡದಲ್ಲಿ ಮಾತು ಕಲಿತು, ಬೆಳಗಿನ ಜಾವದವರೆಗೆ ನಾಟಕವಾಡಿದ ನಮ್ಮ ಹಿರಿಯರ ಚರಿತ್ರೆಯನ್ನು ಬರೆಯುವವರು ಯಾರು? ಬೆಂಗಳೂರಿನವರಿಗೆ ನಾವು ಹೊರಗಿನವರು. ಇಲ್ಲಿಯ ಲೇಖಕರಿಗೆ ನಮ್ಮ ಲಿಪಿ ತಿಳಿಯದು. ನಮ್ಮ ಬಟ್ಟಲನ್ನು ನಾವೇ ಓದಬೇಕು. ಹಿತ್ತಲ ಗಿಡ ಮದ್ದಲ್ಲವೆಂದು ನಾವೇ ಬಗೆದರೆ, ಪರರು ಬಂದು ಮದ್ದೆಂದು ಹೇಳುವುದುಂಟೇ?

ಕಡೆಗೆ, ಆ ಮನೆಯ ಬಟ್ಟಲು ಏನಾಯಿತೆಂಬುದನ್ನು ಹೇಳಿ ಮುಗಿಸುತ್ತೇನೆ. ಆ ಸಂಜೆ ವಿಭೂತಿಯನ್ನು ಬೇರೊಂದು ಡಬ್ಬಿಗೆ ಸುರಿದು, ಹುಡುಗನೂ ನಾನೂ ಟಾರ್ಚು ಹಿಡಿದು ಕುಳಿತೆವು. ನಡುವಿನ ಸಾಲಿನಲ್ಲಿ ಎಷ್ಟು ಓರೆಯಾಗಿ ಬೆಳಕು ಬಿಟ್ಟರೂ ಒಂದು ದೀರ್ಘದ ಕೊಂಬು, ಒಂದು ಒತ್ತಕ್ಷರ, ಇಷ್ಟೇ ಕಂಡವು. ಆಗ ಅಜ್ಜಿ ಬಾಗಿಲಿಗೆ ಒರಗಿ ನಿಂತು, “ಅಲ್ಲಿರೋದು ನಮ್ಮ ಮಾವನೋರ ಹೆಸರು” ಎಂದರು. ಸೊಸೆಯಾಗಿ ಆ ಹೆಸರನ್ನು ಅವರು ಅದುವರೆಗೆ ಬಾಯಿಬಿಟ್ಟು ಹೇಳಿದವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗನನ್ನು ಹತ್ತಿರ ಕರೆದು ಅವನ ಕಿವಿಯಲ್ಲಿ ಹೇಳಿದರು. ಆ ಒತ್ತಕ್ಷರವೂ, ಆ ಕೊಂಬೂ ಹೆಸರಿಗೆ ಸರಿಯಾಗಿ ಹೊಂದಿದವು. ನಾನು ಹಲಗೆಯ ಮೇಲೆ ಆ ಹೆಸರಿನ ಅಕ್ಷರಗಳನ್ನು ಬರೆದು ತೋರಿಸಿದೆ. ಹುಡುಗನು ಅವನ್ನು ನೋಡಿ ಕಾಗದದ ಮೇಲೆ ಬರೆದನು. ಆ ಮಗು ಕನ್ನಡದಲ್ಲಿ ಬರೆದ ಮೊದಲ ಮಾತು ಅವನ ಮುತ್ತಾತನ ಹೆಸರು.

ಬಟ್ಟಲು ಉಳಿಯಿತೇ, ಕರಗಿತೇ? ಮದುವೆ ಇನ್ನೂ ಆಗಿಲ್ಲ. ಬೆಳ್ಳಿಯ ಬೆಲೆ ಏರುತ್ತಲೇ ಇದೆ. ಆ ಮನೆಯವರ ಕಷ್ಟ ಅವರಿಗೆ ಗೊತ್ತು. ನಾನು ಒತ್ತಾಯಿಸಲಿಲ್ಲ. ಆದರೆ ಅದು ನಾಳೆ ಕಾಲ್ಗೆಜ್ಜೆಯಾಗಿ ಉಲಿದರೂ, ಆ ಕಾಗದ ಪೆಟ್ಟಿಗೆಯಲ್ಲಿದೆ. ಅದನ್ನು ಓದಬಲ್ಲ ಒಬ್ಬ ಹುಡುಗ ಆ ಮನೆಯಲ್ಲಿದ್ದಾನೆ.

ಸಂಘದವರಲ್ಲಿ ನನ್ನದೊಂದು ಪ್ರಾರ್ಥನೆ. ಮುಂದಿನ ವಾರ್ಷಿಕೋತ್ಸವದಂದು ಈ ಸಭಾಭವನದ ಒಂದು ಮೂಲೆಯಲ್ಲಿ ಒಂದು ಮೇಜನ್ನಿಡಿ. ಮನೆಮನೆಯಲ್ಲಿರುವ ಬಟ್ಟಲು, ಪದಕ, ಹ್ಯಾಂಡ್‌ಬಿಲ್ಲು, ಭಾವಚಿತ್ರಗಳನ್ನು ಒಂದು ದಿನದ ಮಟ್ಟಿಗೆ ತಂದಿಡಲಿ. ಸಂಜೆ ಅವರವರು ಅವರವರ ವಸ್ತುವನ್ನು ಒಯ್ಯಲಿ. ಮಕ್ಕಳು ಕುಳಿತು ಬರಹಗಳನ್ನು ಎತ್ತಿಕೊಳ್ಳಲಿ. ಮರುವರ್ಷದ ಸಂಚಿಕೆಯಲ್ಲಿ ಅವೆಲ್ಲವೂ ಅಚ್ಚಾಗಲಿ. ಕಾಸಿನ ಖರ್ಚಿಲ್ಲದ ಕೆಲಸ. ಆ ಮೇಜಿನ ಮೇಲೆ ನಮ್ಮ ಮನೆಯ ವಸ್ತುವೊಂದನ್ನು ಇಡುವ ಭಾಗ್ಯ ನನಗಿಲ್ಲ; ಪೆನ್ಸಿಲು, ಟಾರ್ಚುಗಳನ್ನು ಹಿಡಿದುಕೊಂಡು ಬರುತ್ತೇನೆ.